ಬೂದಿ ತೊಳೆದ ನೀರಿನಲ್ಲಿ ಫ್ಲೋರೈಡ್ ಹುಡುಕಿದ್ದು: ನನ್ನ ಅನುಭವ

ಜ್ವಾಲಾಮುಖಿ ಬೂದಿಯ ಸ್ಯಾಂಪಲ್ ಕೈಗೆ ಬಂದಾಗ ನಾನು ಮೊದಲು ಕೇಳುವುದು ಒಂದೇ, ಇದರ ಮೇಲೆ ಮಳೆ ಬಿದ್ದಿತ್ತಾ ಅಂತ. ಬಿದ್ದಿದ್ದರೆ ನಾವು ಹುಡುಕುವ ಫ್ಲೋರೈಡ್, ಅಂದ್ರೆ ಹೆಚ್ಚಾದರೆ ವಿಷವಾಗುವ ಫ್ಲೋರಿನ್ ಉಪ್ಪು, ಆಗಲೇ ತೊಳೆದುಹೋಗಿರುತ್ತದೆ. ಇದು ಒಲೆಯ ಬೂದಿಯಂತಲ್ಲ, ಪುಡಿಯಾದ ಕಲ್ಲು ಮತ್ತು ಗಾಜು. ಅದರ ಜೊತೆಗೇ ಮೇಲೆದ್ದ ಗಂಧಕ, ಕ್ಲೋರಿನ್, ಫ್ಲೋರಿನ್‌ಗಳ ಆಮ್ಲದ ಅನಿಲಗಳು ಕಣಗಳ ಮೈಗೆ ಅಂಟಿ ಉಪ್ಪಾಗಿ ಕೂತಿರುತ್ತವೆ. ನುಣ್ಣನೆಯ ಬೂದಿಯಲ್ಲಿ ಇದು ಜಾಸ್ತಿ, ಅಂಟಿಕೊಳ್ಳಲು ಜಾಗ ಹೆಚ್ಚು ಅಲ್ವಾ.

ಕೆಲಸ ಸರಳ. ಒಂದು ಗ್ರಾಂ ಒಣ ಬೂದಿಗೆ 20 ಮಿಲಿಲೀಟರ್ ಶುದ್ಧ ನೀರು, ಇನ್ನೊಂದು ಗ್ರಾಂಗೆ 100 ಮಿಲಿಲೀಟರ್. ಒಂದು ಗಂಟೆ ಕುಲುಕಿ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಎರಡು ಅಳತೆ ಯಾಕೆ ಅಂದ್ರೆ, ನೀರು ಕಡಿಮೆ ಇದ್ದರೆ ಕೆಲವು ಉಪ್ಪು ಪೂರ್ತಿ ಕರಗುವುದೇ ಇಲ್ಲ. ಬಾಟಲಿ ಪ್ಲಾಸ್ಟಿಕ್ಕಿನದ್ದೇ ಇರಲಿ. ಫ್ಲೋರೈಡ್ ಇರುವ ಆಮ್ಲದ ನೀರು ಗಾಜನ್ನು ಕೊರೆಯುತ್ತದೆ.

ನಾನು ಎಡವಿದ್ದು ಅಳೆಯುವಾಗ. ಫ್ಲೋರೈಡ್ ಅಳೆಯುವ ಮೀಟರಿನ ಕಡ್ಡಿಯನ್ನು (ಎಲೆಕ್ಟ್ರೋಡ್) ನೀರಿಗೆ ಅದ್ದಿದೆ, ಫ್ಲೋರೈಡ್ ಕಡಿಮೆ ಅಂತ ತೋರಿಸಿತು, ಖುಷಿಯಾಯಿತು. ಆದರೂ ಮನಸ್ಸು ಒಪ್ಪಲಿಲ್ಲ. ಗೊತ್ತಿದ್ದಷ್ಟು ಫ್ಲೋರೈಡನ್ನು ನಾನೇ ಅದೇ ನೀರಿಗೆ ಬೆರೆಸಿ ಮತ್ತೆ ಅಳೆದೆ. ಬೆರೆಸಿದ್ದರಲ್ಲಿ ಅರ್ಧವೂ ಮೀಟರಿನಲ್ಲಿ ಕಾಣಲಿಲ್ಲ! ಬೂದಿಯಿಂದ ಕರಗಿ ಬಂದ ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿತ್ತು, ಎಲೆಕ್ಟ್ರೋಡಿಗೆ ಕಾಣುವುದು ಬಿಡಿಯಾಗಿರುವ ಫ್ಲೋರೈಡ್ ಮಾತ್ರ. ನೀರು ತುಂಬಾ ಆಮ್ಲವಾಗಿದ್ದರೂ ಇದೇ ಕಥೆ, ಒಂದಷ್ಟು ಫ್ಲೋರೈಡ್ ಹೈಡ್ರೋಜನ್ ಜೊತೆ ಸೇರಿ ಮರೆಯಾಗುತ್ತದೆ. ಅಲ್ಯೂಮಿನಿಯಂ ಹಿಡಿತ ಬಿಡಿಸಿ ಆಮ್ಲತೆಯನ್ನೂ ಸರಿಮಾಡುವ ಬಫರ್ ದ್ರಾವಣ ಹಾಕಿದ ಮೇಲೆ ಮೀಟರಿನ ಅಂಕಿ ಮೇಲೇರಿತು. ಅಂದಿನಿಂದ ಹೀಗೆ ಬೆರೆಸಿ ನೋಡದೆ ಯಾವ ಅಂಕಿಯನ್ನೂ ನಾನು ಹೊರಗೆ ಕೊಟ್ಟಿಲ್ಲ.

ನೀರಿನಲ್ಲಿ ಕರಗಿದ್ದೇ ಪೂರ್ತಿ ಲೆಕ್ಕವೂ ಅಲ್ಲ. ನ್ಯೂಜಿಲೆಂಡಿನ ರುಅಪೆಹು ಜ್ವಾಲಾಮುಖಿ 1995ರಲ್ಲಿ ಸಿಡಿದಾಗ ಬೂದಿ ಬಿದ್ದ ಹುಲ್ಲು ಮೇಯ್ದ ಕುರಿಗಳು ಸತ್ತವು. ಅಲ್ಲಿಯ ಫ್ಲೋರೈಡಿನ ಒಂದು ಪಾಲು ನೀರಿನಲ್ಲಿ ಬೇಗ ಕರಗದ, ಹೊಟ್ಟೆಯ ಆಮ್ಲದಲ್ಲಿ ಕರಗುವ ರೂಪದಲ್ಲಿತ್ತು. ಹಾಗಾಗಿ ದನ ಕುರಿ ಮೇಯುವ ಜಾಗದ ಬೂದಿಯಾದರೆ ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲೂ ಒಮ್ಮೆ ಕುಲುಕಿ ಅಳೆಯುತ್ತೇನೆ.

ಮಳೆನೀರು ಹಿಡಿದು ಕುಡಿಯುವವರಿಗೆ ಹೇಳುವುದು ಇಷ್ಟು: ಬೂದಿ ಬೀಳುವ ಮುನ್ನವೇ ಛಾವಣಿಯಿಂದ ಟ್ಯಾಂಕಿಗೆ ಬರುವ ಪೈಪ್ ಬಿಚ್ಚಿಡಿ, ಛಾವಣಿ ಸ್ವಚ್ಛವಾದ ಮೇಲೆ ಮತ್ತೆ ಜೋಡಿಸಿ. ಸುಮ್ನೆ ರುಚಿ ನೋಡಿ ನಿರ್ಧರಿಸಬೇಡಿ. ಕಬ್ಬಿಣ, ಮ್ಯಾಂಗನೀಸ್ ಇದ್ದರೆ ನಾಲಿಗೆಗೆ ಲೋಹದ ರುಚಿ ಸಿಗುತ್ತದೆ, ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಫ್ಲೋರೈಡ್ ದಾಟಿದರೂ ನಾಲಿಗೆಗೆ ತಿಳಿಯುವುದಿಲ್ಲ. ಕುದಿಸಿದರೆ ಹೋಗುತ್ತದೆ ಅಂದುಕೊಳ್ಳಬೇಡಿ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.