ಬೋರಿಂಗಿನ ಸಾಲಿನಲ್ಲಿ ನಾನು ಕಂಡದ್ದು

ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಹಲವು ವರ್ಷ ಐದನೆಯ ತರಗತಿಗೆ ಪಾಠ ಮಾಡಿದ್ದೇನೆ. ಮಕ್ಕಳಲ್ಲಿ ಪರಸ್ಪರ ನೆರವಾಗುವ ಗುಣ ಬೆಳೆಯಬೇಕೆಂಬ ಆಸೆಯಿಂದ 2017ರ ಜೂನ್‌ನಲ್ಲಿ ಶಾಲೆ ಆರಂಭವಾದ ವಾರದಲ್ಲೇ ಗೋಡೆಗೆ ದೊಡ್ಡದೊಂದು ಹಾಳೆ ಅಂಟಿಸಿ, ಎಲ್ಲರ ಹೆಸರು ಬರೆದು, ಯಾರು ಇನ್ನೊಬ್ಬರಿಗೆ ಸಹಾಯ ಮಾಡುತ್ತಾರೋ ಅವರ ಹೆಸರಿನ ಮುಂದೆ ನಕ್ಷತ್ರ ಬೀಳುತ್ತದೆ ಎಂದು ಸಾರಿದೆ. ಶನಿವಾರದ ಪ್ರಾರ್ಥನೆಯಲ್ಲಿ ಆ ವಾರದ ಸಹಾಯಗಳನ್ನು ಓದಿ ಹೇಳುವುದು, ಹೆಚ್ಚು ನಕ್ಷತ್ರ ಪಡೆದವರಿಗೆ ಒಂದು ಪೆನ್ಸಿಲ್ ಕೊಡುವುದು ಎಂದೂ ಗೊತ್ತುಮಾಡಿದೆ.

ಮೊದಲ ಹದಿನೈದು ದಿನ ನಾನು ಹಿಗ್ಗಿದ್ದೇ ಹಿಗ್ಗಿದ್ದು. ಆಮೇಲೆ ನೋಡುತ್ತೇನೆ, ಒಬ್ಬ ಹುಡುಗ ಪಕ್ಕದವನ ರಬ್ಬರನ್ನು ಮೊಣಕೈಯಿಂದ ಮೆಲ್ಲನೆ ಕೆಳಕ್ಕೆ ತಳ್ಳಿ, ತಾನೇ ಎತ್ತಿಕೊಟ್ಟು, ನನ್ನ ಮೇಜಿನ ಬಳಿ ಬಂದು ನಿಂತಿದ್ದಾನೆ. ಇನ್ನಿಬ್ಬರು ಹುಡುಗಿಯರು ದಿನ ಬಿಟ್ಟು ದಿನ ಸರದಿಯಂತೆ ಒಬ್ಬರಿಗೊಬ್ಬರು ಸಹಾಯ ಮಾಡಿಕೊಳ್ಳುವ ಒಪ್ಪಂದಕ್ಕೆ ಬಂದಿದ್ದರು. ಇವನ್ನೆಲ್ಲ ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಬೇರೆಯೇ ಇದೆ. ಹಿಂದಿನ ವರ್ಷ ತರಗತಿಯನ್ನು ಅರ್ಧಕ್ಕೇ ಬಿಟ್ಟು ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿ, ಮುಂಗಾರಿನ ಹೊತ್ತಿಗೆ ಊರಿಗೆ ಮರಳಿದ್ದ ಹುಡುಗನೊಬ್ಬನ ಬಳಿ ನೋಟ್‌ಬುಕ್ ಇರಲಿಲ್ಲ. ಸಹಪಾಠಿಯೊಬ್ಬಳು ತನ್ನ ಹೊಸ ನೋಟ್‌ಬುಕ್ ಒಂದನ್ನು ಅವನಿಗೆ ಕೊಟ್ಟಳು. ನಾನು ಶನಿವಾರ ಇಡೀ ಶಾಲೆಯ ಮುಂದೆ ಕೊಟ್ಟವಳ ಹೆಸರನ್ನೂ ಪಡೆದವನ ಹೆಸರನ್ನೂ ಓದಿ ಚಪ್ಪಾಳೆ ಹೊಡೆಸಿದೆ. ಸೋಮವಾರ ಆ ನೋಟ್‌ಬುಕ್ ನನ್ನ ಮೇಜಿನ ಮೇಲಿತ್ತು, ಹುಡುಗ ಬಂದಿರಲಿಲ್ಲ. ಮೂರನೆಯ ದಿನ ಮನೆಗೆ ಹೋದಾಗ ಅವನ ತಾಯಿ, ‘ಮಂದ್ಯಾಗ ಹೆಸರು ಕೂಗಿದ್ರಂತ, ಅದಕ್ಕ ಸಾಲಿಗೆ ಒಲ್ಲೆ ಅಂತಾನ ನೋಡ್ರಿ ಸರ್’ ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಮರುದಿನ ಹಾಳೆಯನ್ನು ಕಿತ್ತೆ. ಮಕ್ಕಳು ಯಾಕೆಂದು ಕೇಳಿದರು. ಅದರಲ್ಲಿ ತಪ್ಪಾಗಿದೆ ಎಂದಷ್ಟೇ ಹೇಳಿದೆ. ಬಹಳ ದಿನಗಳ ನಂತರ, ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಸಿಕ್ಕ ಲೇಖನವೊಂದರಿಂದ, ಇದು ನನ್ನೊಬ್ಬನ ಎಡವಟ್ಟಲ್ಲವೆಂದು ತಿಳಿಯಿತು. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಮನೋವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದೊಡ್ಡವರ ಕೈಯಿಂದ ಜಾರಿ ಬಿದ್ದ ವಸ್ತುವನ್ನು ಎತ್ತಿಕೊಟ್ಟ 20 ತಿಂಗಳ ಕೂಸುಗಳಲ್ಲಿ ಕೆಲವಕ್ಕೆ ಬಹುಮಾನ ಸಿಗುತ್ತಿತ್ತು, ಕೆಲವಕ್ಕೆ ಏನೂ ಸಿಗುತ್ತಿರಲಿಲ್ಲ. ಬಹುಮಾನದ ರುಚಿ ಕಂಡ ಕೂಸುಗಳೇ ಆನಂತರ ಕಡಿಮೆ ನೆರವಾದವು. ಎರಡು ವರ್ಷ ತುಂಬದ ಮಗುವಿಗೆ ತಾನಾಗಿ ಬರುವ ಗುಣವನ್ನು ಹತ್ತು ವರ್ಷದ ಮಕ್ಕಳಿಗೆ ನಾನು ಪೆನ್ಸಿಲ್ ಕೊಟ್ಟು ಕಲಿಸಲು ಹೊರಟಿದ್ದೆ.

ನಿಜವಾಗಿ ನೆರವು ಒಬ್ಬರಿಂದೊಬ್ಬರಿಗೆ ಹರಡುವುದನ್ನು ನಾನು ಕಂಡದ್ದು ತರಗತಿಯಲ್ಲಲ್ಲ, ಶಾಲೆಯ ಅಂಗಳದ ಬೋರಿಂಗಿನ ಬಳಿ. ನಮ್ಮ ಕಡೆ ಕೈಪಂಪಿಗೆ ಬೋರಿಂಗ್ ಎನ್ನುತ್ತಾರೆ. ಅದರ ಸ್ವಭಾವವನ್ನು ಬಲ್ಲವರಿಗೆ ಹೇಳಬೇಕಿಲ್ಲ: ಹಿಡಿಕೆ ಒಂದು ಕಡೆ, ನೀರು ಬೀಳುವ ಬಾಯಿ ಇನ್ನೊಂದು ಕಡೆ. ಒಬ್ಬರು ಹೊಡೆಯಬೇಕು, ಇನ್ನೊಬ್ಬರು ಹಿಡಿಯಬೇಕು. ಒಂಟಿಯಾಗಿ ಬಂದ ಸಣ್ಣ ಮಗು ನಾಲ್ಕು ಸಲ ಜೋತುಬಿದ್ದು ಹಿಡಿಕೆ ಒತ್ತಿ, ಓಡಿ ಬಂದು ಬೊಗಸೆಯೊಡ್ಡುವಷ್ಟರಲ್ಲಿ ನೀರು ಮುಗಿದಿರುತ್ತದೆ. ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಇದ್ದದ್ದು ಅದೊಂದೇ. ಬಿಸಿಯೂಟ ಮುಗಿದೊಡನೆ ಎಲ್ಲರೂ ತಾಟು ಹಿಡಿದು ಅಲ್ಲಿಗೇ ನುಗ್ಗುತ್ತಿದ್ದರು. ದೊಡ್ಡವರು ತೊಳೆದುಕೊಂಡು ಹೋಗುತ್ತಿದ್ದರು, ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳು ಅಂಗಿಗೇ ತಾಟು ಒರೆಸಿಕೊಳ್ಳುತ್ತಿದ್ದರು.

ಆ ವರ್ಷದ ದಸರಾ ರಜೆಯ ನಂತರದ ಒಂದು ಮಧ್ಯಾಹ್ನ, ಆರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಾಟು ತೊಳೆದಾದ ಮೇಲೂ ಹೋಗದೆ, ಹಿಂದೆ ನಿಂತಿದ್ದ ಪುಟ್ಟ ಮಗುವಿಗೆ ನೀರು ಹೊಡೆದಳು. ಅದು ಅವಳ ತಮ್ಮನೂ ಅಲ್ಲ, ನೆಂಟರ ಮಗುವೂ ಅಲ್ಲ. ಆ ಮಗು ತಾಟು ತೊಳೆದು ಹೊರಡುವ ಬದಲು ಹಿಡಿಕೆಯ ಬಳಿ ಹೋಗಿ, ಕಾಲು ನೆಲ ಬಿಡುವಂತೆ ಜೋತಾಡುತ್ತ, ತನ್ನ ಹಿಂದಿನವನಿಗೆ ಹೊಡೆಯಿತು. ಬಿದ್ದ ನೀರು ಒಂದು ಲೋಟದಷ್ಟೂ ಇರಲಿಲ್ಲ. ಆದರೂ ಹಿಂದಿನವನು ನಗುತ್ತ ಅಷ್ಟರಲ್ಲೇ ತೊಳೆದು, ತಾನೂ ಹಿಡಿಕೆಯ ಬಳಿ ನಿಂತ. ಐದಾರು ಮಕ್ಕಳವರೆಗೆ ಹೀಗೇ ಸಾಗಿ, ಗಂಟೆ ಬಾರಿಸಿದೊಡನೆ ಎಲ್ಲ ಚೆಲ್ಲಾಪಿಲ್ಲಿಯಾಯಿತು.

ನಾನು ಏನೂ ಹೇಳಲಿಲ್ಲ. ಹಾಳೆಯ ಪಾಠ ಇನ್ನೂ ಹಸಿಯಾಗಿತ್ತು. ಮಾಡಿದ್ದು ಎರಡೇ ಕೆಲಸ. ಮೊದಲನೆಯದಾಗಿ, ಮರುದಿನದಿಂದ ಶಿಕ್ಷಕರ ಕೋಣೆಯಲ್ಲಿ ಊಟ ಮಾಡುವುದನ್ನು ಬಿಟ್ಟು, ಮಕ್ಕಳ ಜೊತೆಗೇ ಉಂಡು, ತಾಟು ಹಿಡಿದು ಸಾಲಿನಲ್ಲಿ ನಿಂತೆ. ನನ್ನ ಮುಂದಿನ ಹುಡುಗ ನನಗೆ ಹೊಡೆದ, ನಾನು ಹಿಂದಿನವಳಿಗೆ ಹೊಡೆದೆ. ಎರಡನೆಯದಾಗಿ, ಮುಖ್ಯೋಪಾಧ್ಯಾಯರನ್ನು ಒಪ್ಪಿಸಿ, ಸಣ್ಣ ತರಗತಿಗಳನ್ನು ಊಟಕ್ಕೆ ಹದಿನೈದು ನಿಮಿಷ ಮೊದಲು ಬಿಡುವ ಏರ್ಪಾಡು ಮಾಡಿಸಿದೆ, ಏಕೆಂದರೆ ಗಂಟೆಯ ಭಯವೇ ಆ ಸಾಲನ್ನು ಮುರಿಯುತ್ತಿತ್ತು. ಅವಸರದಲ್ಲಿರುವ ಮಗುವನ್ನು ಕಠಿಣ ಮನಸ್ಸಿನ ಮಗುವೆಂದು ನಾವು ಶಿಕ್ಷಕರು ಎಷ್ಟು ಸಲ ತಪ್ಪು ತಿಳಿದಿದ್ದೇವೋ! ದೊಡ್ಡವರ ಪಾಡೂ ಬೇರೆಯಲ್ಲ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ನಡೆಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳು ದಾರಿಯಲ್ಲಿ ಕುಸಿದು ಕುಳಿತವನನ್ನು ದಾಟಿ ಹೋಗಬೇಕಿತ್ತು, ಸಮಯವಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ನಿಂತರೆ, ತಡವಾಯಿತೆಂದು ಓಡುತ್ತಿದ್ದವರಲ್ಲಿ ನಿಂತವರು ಶೇ. 10 ಮಾತ್ರ. ಧರ್ಮಗ್ರಂಥ ಓದಿದವರ ಗತಿಯೇ ಇದಾದರೆ, ಗಣಿತದ ಪೀರಿಯಡ್ಡಿಗೆ ಓಡುವ ನಮ್ಮ ಹುಡುಗರದ್ದೇನು!

ಎಲ್ಲವೂ ಸಲೀಸಾಗಿ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೊದಮೊದಲು ಮಕ್ಕಳು ನೀರು ಹೊಡೆಯುತ್ತಿದ್ದದ್ದು ತಮ್ಮ ಓಣಿಯವರಿಗೆ ಮಾತ್ರ. ಊರಿನಲ್ಲಿ ಯಾರ ಮನೆಯ ನೀರು ಯಾರಿಗೆ ಎಂಬುದನ್ನು ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿತು ಬಂದಿರುತ್ತಾರೆ. ಹಿಂದೆ ಬೇರೆ ಕೇರಿಯ ಮಗು ನಿಂತಿದ್ದರೆ ಮುಂದಿನವನು ಹಿಡಿಕೆ ಬಿಟ್ಟು ಸುಮ್ಮನೆ ನಡೆದುಬಿಡುತ್ತಿದ್ದ. ಇದಕ್ಕೆ ಉಪದೇಶ ಮದ್ದಲ್ಲವೆಂದು ನನಗೆ ಗೊತ್ತಿತ್ತು. ಗೆಳೆಯರೆಲ್ಲ ಗುಂಪಾಗಿ ಬಂದು ನಿಲ್ಲುವುದನ್ನು ತಪ್ಪಿಸಿ, ಊಟ ಮುಗಿಸಿದವರು ಮುಗಿಸಿದಂತೆ ಒಂದೇ ಸಾಲಿಗೆ ಸೇರಬೇಕೆಂದು ನಿಯಮ ಮಾಡಿದೆವು. ಆಗ ತನ್ನ ಹಿಂದೆ ಯಾರು ಇರಬೇಕೆಂದು ಆರಿಸಿಕೊಳ್ಳುವ ಅವಕಾಶ ಯಾರಿಗೂ ಉಳಿಯಲಿಲ್ಲ. ಜೊತೆಗೆ, ತನಗೆ ಹೊಡೆದವನಿಗೆ ಪ್ರತಿಯಾಗಿ ಏನೂ ಮಾಡಬೇಕಿರಲಿಲ್ಲ. ಹಿಂದಿನವನಿಗೆ ಹೊಡೆದರೆ ಮುಗಿಯಿತು. ಯಾರೂ ಯಾರ ಋಣದಲ್ಲೂ ಇರಲಿಲ್ಲ. ಆದರೂ ಇಬ್ಬರು ಮೂವರು ಮಕ್ಕಳು ಕೊನೆಯವರೆಗೂ ಬದಲಾಗಲಿಲ್ಲ. ಸರದಿ ಬಂದಾಗ ಏನೋ ನೆಪ ತೆಗೆದು ಜಾಗ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಒಂದು ದಿನ ಅಜ್ಜಿಯೊಬ್ಬರು ಗೇಟಿನಲ್ಲೇ ನಿಂತು, ‘ನಮ್ಮ ಹುಡುಗ ಮಂದಿಗೆಲ್ಲಾ ನೀರು ಹೊಡಿಬೇಕೇನ್ರಿ ಸರ್?’ ಎಂದು ಜಗಳಕ್ಕೆ ಬಂದರು. ನಾನು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಅಡುಗೆಯಕ್ಕ ಒಳಗಿನಿಂದಲೇ, ‘ನಿಮ್ಮ ಹುಡುಗಗೂ ಮಂದಿನೇ ಹೊಡೀತಾರ ಯಮ್ಮಾ, ಅವಗೇನು ನಾಕು ಕೈ ಅದಾವೇನು?’ ಎಂದರು. ಅಜ್ಜಿ ಗೊಣಗುತ್ತ ಹೋದರು. ಹುಡುಗ ಮರುದಿನವೂ ಸಾಲಿನಲ್ಲಿದ್ದ.

ಬೋರಿಂಗಿನಿಂದ ಕಲಿತದ್ದನ್ನು ತರಗತಿಗೆ ತಂದದ್ದು ನೋಟ್‌ಬುಕ್ಕಿನ ಮೂಲಕ. ಹತ್ತಿ ಬಿಡಿಸುವ ಕಾಲ ಬಂದರೆ ನಮ್ಮಲ್ಲಿ ಹಾಜರಾತಿ ಇಳಿಯುತ್ತದೆ. ಗುಳೆ ಹೋದವರ ಮಕ್ಕಳು ತಿಂಗಳುಗಟ್ಟಲೆ ಇರುವುದಿಲ್ಲ. ಮರಳಿದ ಮಗುವಿಗೆ ಬಿಟ್ಟುಹೋದ ಪಾಠ ಬೇಕು, ಆದರೆ ಒಬ್ಬರ ಮುಂದೆ ನಿಂತು ಕೇಳುವುದು ಕಷ್ಟ. ಅದಕ್ಕೆ ಆ ಶಾಲಾ ವರ್ಷ ಮುಗಿಯುವ ಮೊದಲೇ ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ, ಹಿಂದೆ ನಕ್ಷತ್ರದ ಹಾಳೆಯಿದ್ದ ಜಾಗದಲ್ಲೇ ಮೊಳೆಗೆ ತೂಗುಹಾಕಿದೆ. ದಿನಕ್ಕಿಬ್ಬರು ಸರದಿಯಂತೆ ಆ ದಿನದ ಪಾಠವನ್ನು ಅದರಲ್ಲಿ ಬರೆಯಬೇಕು, ಬರೆದವರ ಹೆಸರು ಹಾಕುವಂತಿಲ್ಲ, ಯಾರು ಬೇಕಾದರೂ ಮನೆಗೆ ಒಯ್ಯಬಹುದು, ಒಯ್ದವರ ಹೆಸರನ್ನೂ ಬರೆಯುವಂತಿಲ್ಲ. ಒಂದು ಸಲ ಎರಡು ವಾರ ಅದು ಕಾಣೆಯಾಗಿತ್ತು. ನಾನು ಕೇಳಲಿಲ್ಲ, ಒಂದು ಬೆಳಿಗ್ಗೆ ಎಣ್ಣೆಯ ಕಲೆಯೊಂದಿಗೆ ಮತ್ತೆ ಮೊಳೆಯಲ್ಲಿತ್ತು. ಅಕ್ಷರ ದುಂಡಗಿಲ್ಲದವರ ಪುಟ ಓದಲಾಗುವುದಿಲ್ಲವೆಂದು ಮಕ್ಕಳೇ ತಕರಾರು ಮಾಡಿ, ಓದುವವನೊಬ್ಬ ಬರೆಯುವವನೊಬ್ಬ ಎಂದು ಜೋಡಿ ಮಾಡಿಕೊಂಡರು. ಮರುವರ್ಷ ಆ ಮಕ್ಕಳು ಆರನೆಯ ತರಗತಿಗೆ ಹೋದಾಗ, ಯಾರೂ ಹೇಳದೆಯೇ ಅಲ್ಲಿನ ಗೋಡೆಯಲ್ಲೂ ಒಂದು ಮೊಳೆ, ಒಂದು ನೋಟ್‌ಬುಕ್ ಬಂತು. ನೆರೆಯ ಊರಿನ ಶಿಕ್ಷಕರೊಬ್ಬರು ನೋಡಿ ತಮ್ಮಲ್ಲೂ ಮಾಡಿದರು. ಬರೆದವರಿಗೆ ಅಂಕ ಕೊಡುತ್ತೇನೆಂದರಂತೆ, ಹೆಚ್ಚು ದಿನ ಬಾಳಲಿಲ್ಲ.

ಈಚೆಗೆ ಶಾಲೆಗೆ ತೊಟ್ಟಿ, ನಲ್ಲಿಗಳು ಬಂದಿವೆ. ಈಗ ಯಾರೂ ಯಾರಿಗೂ ನೀರು ಹೊಡೆಯಬೇಕಿಲ್ಲ, ಹೊಡೆಯುವುದೂ ಇಲ್ಲ. ತೊಟ್ಟಿಗೆ ನೀರೇರದ ದಿನಗಳಲ್ಲಿ ಮಾತ್ರ ಹಳೆಯ ಸಾಲು ಮತ್ತೆ ಹುಟ್ಟುತ್ತದೆ. ನನಗೆ ಇದರಿಂದ ಬೇಸರವೇನೂ ಇಲ್ಲ. ಮಕ್ಕಳ ಒಳ್ಳೆಯತನ ಕಾಣಲೆಂದು ಬೋರಿಂಗ್ ಉಳಿಸಿಕೊಳ್ಳಲಾಗುವುದಿಲ್ಲವಷ್ಟೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಏಳನೆಯ ತರಗತಿಯ ಗೋಡೆಯಲ್ಲಿದ್ದ ನೋಟ್‌ಬುಕ್ಕನ್ನು ನಾನು ಮನೆಗೆ ತಂದಿಟ್ಟುಕೊಂಡೆ. ಅದರಲ್ಲಿ ಗಣಿತದ ಒಂದು ಪುಟದ ಅಂಚಿನಲ್ಲಿ, ‘ಇಲ್ಲಿ ನಾನು ತಪ್ಪು ಬರೆದೀನಿ, ಅಳಿಸಿದರ ಹಾಳಿ ಹರೀತದ, ಮುಂದಿನ ಪುಟ ನೋಡು’ ಎಂದು ಬರೆದಿದೆ. ಹೆಸರಿಲ್ಲ. ಆದರೆ ‘ಪ’ಕ್ಕೂ ‘ಷ’ಕ್ಕೂ ವ್ಯತ್ಯಾಸವಿಲ್ಲದ ಆ ಅಕ್ಷರ ನನಗೆ ಗುರುತು ಸಿಕ್ಕಿತು: ಅಂದು ನನ್ನ ಮೇಜಿನ ಮೇಲೆ ನೋಟ್‌ಬುಕ್ ಇಟ್ಟು ಹೋಗಿದ್ದ ಹುಡುಗನದ್ದು.