250 ಕಿಲೋದ ಕರೆಂಟ್ ಗಾಡಿ

ನಾವೇ ಕಟ್ಟಿದ, ಇಬ್ಬರು ಕೂರುವ ನಾಲ್ಕು ಗಾಲಿಯ ಕರೆಂಟ್ ಗಾಡಿ. ಖಾಲಿ ತೂಕ 250 ಕಿಲೋ, ವೇಗ ಗಂಟೆಗೆ 28 ಕಿ.ಮೀ., ಖರ್ಚು 1 ಲಕ್ಷ 40 ಸಾವಿರ ರೂಪಾಯಿ. ಅದರಲ್ಲಿ ಅರ್ಧದಷ್ಟು ಬ್ಯಾಟರಿಗೇ ಹೋಯಿತು. ತೂಕ ಏರಿದರೆ ಬ್ಯಾಟರಿಯೂ ದೊಡ್ಡದಾಗಬೇಕು. ಹಾಗಾಗಿ ಪ್ರತಿ ಪೈಪನ್ನೂ ತಕ್ಕಡಿಗೆ ಹಾಕಿಯೇ ಆರಿಸಿದೆವು. ಓಡಿಸುವುದು ಹೊಲದ ದಾರಿಯಲ್ಲಿ, ಸ್ವಂತ ಆವರಣದಲ್ಲಿ ಮಾತ್ರ. ಮಾದರಿ ಅನುಮೋದನೆ ಇಲ್ಲದ ಗಾಡಿಗೆ ಆರ್‌ಟಿಒ ನೋಂದಣಿ ಸಿಗುವುದಿಲ್ಲ. 250 ವ್ಯಾಟ್, 25 ಕಿ.ಮೀ. ವೇಗದೊಳಗಿನ ಗಾಡಿಗೆ ಸಿಗುವ ನೋಂದಣಿ ವಿನಾಯಿತಿ ದ್ವಿಚಕ್ರಕ್ಕೆ ಇರುವುದು, ನಾಲ್ಕು ಗಾಲಿಗೆ ಅನ್ವಯಿಸದು.

ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) 38 ಮಿ.ಮೀ. ಚೌಕ ಪೈಪ್, 1.6 ಮಿ.ಮೀ. ದಪ್ಪದ್ದು, 22 ಮೀಟರ್ ಹಿಡಿಯಿತು: 40 ಕಿಲೋ. ಮೇಲಿನ ಗೂಡಿಗೆ 25 ಮಿ.ಮೀ. ಪೈಪ್ 14 ಮೀಟರ್: 16 ಕಿಲೋ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ವೆಲ್ಡಿಂಗ್ ಮಿಸ್ತ್ರಿಗಳು ಗೇಟು, ಟ್ರೇಲರ್ ಮಾಡಿ ರೂಢಿಯಾದವರು, 50 ಮಿ.ಮೀ. ಪೈಪ್, 3 ಮಿ.ಮೀ. ದಪ್ಪ ಹಾಕಿ ಅಂತಾರೆ. ಅದೇ 22 ಮೀಟರಿಗೆ ಅದು 97 ಕಿಲೋ ಆಗುತ್ತದೆ. ತೆಳು ಪೈಪಿಗೆ ಮಾತ್ರ ಆರ್ಕ್ ವೆಲ್ಡಿಂಗ್‌ನಲ್ಲಿ ತೂತು ಬೀಳುತ್ತದೆ, ಮಿಗ್ (ತಂತಿ ತಾನಾಗಿ ಬರುವ ಗ್ಯಾಸ್ ವೆಲ್ಡಿಂಗ್ ಯಂತ್ರ) ಇರುವವರಲ್ಲೇ ಮಾಡಿಸಬೇಕು. ಆಕ್ಸಲ್ ಕೂರುವ ನಾಲ್ಕು ಜಾಗಕ್ಕೆ 4 ಮಿ.ಮೀ. ತಗಡಿನ ತ್ರಿಕೋನ ಕೊಟ್ಟೆವು. ಅಲ್ಲಿ ತೂಕ ಉಳಿಸಬಾರದು, ಬೆಸುಗೆ ಮೊದಲು ಬಿರಿಯುವುದು ಅಲ್ಲೇ. ಹೊರಮೈಗೆ ಬೋರ್ಡ್ ಮಾಡುವವರು ಬಳಸುವ 3 ಮಿ.ಮೀ. ಎಸಿಪಿ ಶೀಟ್ (ಎರಡು ಅಲ್ಯೂಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್). ಅದರ ಒಳಗಿನ ಪ್ಲಾಸ್ಟಿಕ್ ಉರಿಯುವಂಥದ್ದು, ಆದ್ದರಿಂದ ಬ್ಯಾಟರಿ ಪೆಟ್ಟಿಗೆಯ ಸುತ್ತ ತಗಡನ್ನೇ ಬಳಸಿದೆವು.

ಹಿಂದಿನ ಗಾಲಿಗಳಿಗೆ ಇ-ರಿಕ್ಷಾದ ಆಕ್ಸಲ್: 48 ವೋಲ್ಟ್, 1200 ವ್ಯಾಟ್ ಬಿಎಲ್‌ಡಿಸಿ (ಬ್ರಷ್ ಇಲ್ಲದ) ಮೋಟರ್, ಡಿಫರೆನ್ಷಿಯಲ್ (ಎರಡು ಗಾಲಿಗೆ ಬಲ ಹಂಚುವ ಗೇರ್), ಡ್ರಮ್ ಬ್ರೇಕ್ ಎಲ್ಲ ಒಂದೇ ಜೋಡಣೆ. ಗೇರ್ ಅನುಪಾತ 10. ಗಾಲಿ ಒಂದು ಸುತ್ತಿಗೆ 1.55 ಮೀಟರ್ ಸಾಗುತ್ತದೆ, ಮೋಟರ್ ನಿಮಿಷಕ್ಕೆ 3000 ಸುತ್ತು, 28 ಕಿ.ಮೀ. ಬಂದದ್ದು ಹೀಗೆ. ಹೆಚ್ಚು ವೇಗ ಬೇಕೆಂದು 7ರ ಅನುಪಾತ ತಂದರೆ ಏರಿನಲ್ಲಿ ಮೋಟರ್ ಸುಡುತ್ತದೆ. 10ರ ಅನುಪಾತದಲ್ಲೂ ಇಬ್ಬರು ಕೂತ 380 ಕಿಲೋ ಗಾಡಿಗೆ 12ಕ್ಕೆ 1ರ ಏರಿನಲ್ಲಿ ಮೋಟರಿನಿಂದ ಸುಮಾರು 10 ನ್ಯೂಟನ್ ಮೀಟರ್ ತಿರುಚುಬಲ ಬೇಕು, ಅದು ಬಿಡದೆ ಕೊಡಬಲ್ಲದ್ದು 3.8. ಒಂದೆರಡು ನಿಮಿಷ ತಡೆಯುತ್ತದೆ, ಧಾರವಾಡದ ಕಡೆಯ ಹೊಲದ ದಾರಿಯ ಉದ್ದ ಏರಿಗೆ ಅಷ್ಟು ಸಾಲದು, ನಡುವೆ ನಿಲ್ಲಿಸಿ ಮೋಟರ್ ತಣಿಸಬೇಕು.

ಮುಂದಿನ ಗಾಲಿಗಳ ಸಾಮಾನು ಗುಜರಿಯ ಮಾರುತಿ 800ರಿಂದ: ಹಬ್, ಡಿಸ್ಕ್, ಕೆಳಗಿನ ಆರ್ಮ್, ಸ್ಟೇರಿಂಗ್ ರ್ಯಾಕ್, ಮಾಸ್ಟರ್ ಸಿಲಿಂಡರ್. ಬಿಚ್ಚುವ ಮೊದಲು ರ್ಯಾಕ್ ಎಷ್ಟು ಎತ್ತರದಲ್ಲಿದೆ, ಆರ್ಮಿನ ಕೀಲು ಎಲ್ಲಿದೆ ಎಂದು ಅಳತೆ ಬರೆದಿಡಬೇಕು. ಅದು ತಪ್ಪಿದರೆ ಗುಂಡಿಗೆ ಇಳಿದಾಗೆಲ್ಲ ಗಾಲಿ ತಾನಾಗಿ ತಿರುಗುತ್ತದೆ. ಮೂಲ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ) 2175 ಮಿ.ಮೀ.; ನಾವು 2150 ಇಟ್ಟೆವು, ತಿರುವಿನಲ್ಲಿ ಒಳಗಾಲಿ ಹೊರಗಾಲಿಯ ಕೋನ ಕೆಡಲಿಲ್ಲ. ಸ್ಪ್ರಿಂಗ್ ಮಾತ್ರ ಹಗುರ ಗಾಡಿಗೆ ತೀರಾ ಬಿಗಿ. ಒಂದು ಸುತ್ತು ಕತ್ತರಿಸಿದರೆ ಸರಿಹೋಗುತ್ತದೆ ಎನ್ನುವವರೇ ಹೆಚ್ಚು. ಕತ್ತರಿಸಿದರೆ ಎತ್ತರ ಇಳಿಯುತ್ತದೆ, ಬಿಗಿತ ಇನ್ನೂ ಏರುತ್ತದೆ. ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಹೋಗುವುದರಿಂದ 10 ಮಿ.ಮೀ. ಬದಲು 8 ಮಿ.ಮೀ. ತಂತಿ ಸುತ್ತಿಸಿದರೆ ಶೇ. 41ಕ್ಕೆ ಇಳಿಯುತ್ತದೆ. ಎಂಜಿನ್ ಇಲ್ಲದ ಕಾರಣ ಬ್ರೇಕಿಗೆ ವ್ಯಾಕ್ಯೂಮ್ ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಸಾಧನ) ಇಲ್ಲ. ಪೆಡಲ್ ಲಿವರಿನ ಅನುಪಾತವನ್ನು 6:1 ಮಾಡಿದೆವು, ಇಷ್ಟು ತೂಕಕ್ಕೆ ಸಾಕು.

ಬ್ಯಾಟರಿ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, 100 ಆಂಪಿಯರ್ ಅವರ್: 51.2 ವೋಲ್ಟ್, 5.12 ಯೂನಿಟ್, ಪೆಟ್ಟಿಗೆ ಸೇರಿ 40 ಕಿಲೋ. ಅದೇ ಕೆಲಸಕ್ಕೆ ನಾಲ್ಕು ಸೀಸದ ಬ್ಯಾಟರಿ ಇಟ್ಟರೆ 100 ಕಿಲೋ ದಾಟುತ್ತದೆ. ಶೇ. 80 ಬಳಸಿದರೆ 4.1 ಯೂನಿಟ್. ಸಮತಟ್ಟು ಡಾಂಬರಿನಲ್ಲಿ ಕಿ.ಮೀ.ಗೆ 31 ವ್ಯಾಟ್ ಅವರ್. ನಿಲ್ಲುವುದು, ಹೊರಡುವುದು ಸೇರಿಸಿ 45 ಹಿಡಿದರೆ 90 ಕಿ.ಮೀ. ಎರೆ ಹೊಲದ ಸಡಿಲ ದಾರಿಯಲ್ಲಿ 80 ಬೇಕು, ಆಗ 50 ಕಿ.ಮೀ. ಅಷ್ಟೇ. ನವಲಗುಂದ, ಅಣ್ಣಿಗೇರಿ ಕಡೆಯವರು ಈ ಎರಡನೇ ಅಂಕಿಯನ್ನೇ ನಂಬಬೇಕು.

ಸೆಲ್‌ಗಳನ್ನು ಸರಣಿ ಜೋಡಿಸುವ ಮೊದಲು ಹದಿನಾರನ್ನೂ ಸಮಾಂತರ ಕಟ್ಟಿ 3.65 ವೋಲ್ಟ್ ಕೊಟ್ಟು, ಕರೆಂಟ್ ಬಹುತೇಕ ಸೊನ್ನೆಗೆ ಬರುವ ತನಕ ಬಿಡಬೇಕು. ಇದನ್ನು ಬಿಟ್ಟರೆ ಒಂದು ಸೆಲ್ ಮೊದಲೇ ತುಂಬಿ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಚಾರ್ಜ್ ಕಡಿದುಬಿಡುತ್ತದೆ, ಉಳಿದ ಹದಿನೈದು ಅರೆಹೊಟ್ಟೆಯಲ್ಲಿರುತ್ತವೆ. ಸೆಲ್ಲಿನ ಮೈ ಅಲ್ಯೂಮಿನಿಯಂ, ಮೇಲಿನ ನೀಲಿ ಹೊದಿಕೆ ಕುಲುಕಾಟಕ್ಕೆ ಸವೆಯುತ್ತದೆ. ನಡುವೆ ಫೈಬರ್‌ಗ್ಲಾಸ್ ಹಾಳೆ ಇಡದಿದ್ದರೆ ಶಾರ್ಟ್ ಖಂಡಿತ. ಗಟ್ಟಿ ತಾಮ್ರದ ಪಟ್ಟಿ ಟರ್ಮಿನಲ್ ಸಡಿಲಿಸುತ್ತದೆ, ಹೆಣೆದ ಪಟ್ಟಿಯೇ ಬೇಕು.

ಬ್ಯಾಟರಿ ಪ್ಲಸ್‌ನ ಪಕ್ಕದಲ್ಲೇ 100 ಆಂಪಿಯರ್ ಡಿಸಿ ಫ್ಯೂಸ್. ಮನೆಯ ಎಂಸಿಬಿ (ತಾನಾಗಿ ಬೀಳುವ ಸ್ವಿಚ್) ಇಲ್ಲಿ ಬೇಡ: ಎಸಿ ಕಿಡಿ ಸೆಕೆಂಡಿಗೆ ನೂರು ಬಾರಿ ಸೊನ್ನೆ ದಾಟಿ ಆರುತ್ತದೆ, ಡಿಸಿ ಕಿಡಿ ಆರದು. ಕಾಂಟ್ಯಾಕ್ಟರಿಗೆ (ಬ್ಯಾಟರಿ ಜೋಡಿಸುವ ದೊಡ್ಡ ಸ್ವಿಚ್ಚಿಗೆ) ಕರೆಂಟನ್ನು ಮೊದಲು ನಿಧಾನವಾಗಿ ಬಿಡುವ 100 ಓಮ್ ಪ್ರೀಚಾರ್ಜ್ ರೆಸಿಸ್ಟರ್ ಇಲ್ಲದಿದ್ದರೆ, ಮೋಟರ್ ನಡೆಸುವ ಕಂಟ್ರೋಲರಿನ ಕೆಪಾಸಿಟರ್ ಎಳೆಯುವ ಕರೆಂಟಿಗೆ ಸಂಪರ್ಕ ಬಿಂದುಗಳು ಅಂಟಿಕೊಳ್ಳುತ್ತವೆ. ವೈರಿನ ತುದಿಯ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರಿನಿಂದಲೇ ಒತ್ತಿಸಬೇಕು. ಸುತ್ತಿಗೆಯಲ್ಲಿ ಜಜ್ಜಿದ ಲಗ್ಗಿನಲ್ಲಿ 5 ಮಿಲಿ ಓಮ್ ಉಳಿದರೂ 50 ಆಂಪಿಯರಿಗೆ ಅಲ್ಲೇ 12 ವ್ಯಾಟ್ ಶಾಖ, ವೈರಿನ ಸಿಪ್ಪೆ ಕರಗುತ್ತದೆ.

ಮುಂಗಾರಿನಲ್ಲಿ ಮೋಟರ್ ಜರ್ಕ್ ಹೊಡೆದರೆ ಮೊದಲು ಹಾಲ್ ಸೆನ್ಸರ್ (ಮೋಟರ್ ಎಷ್ಟು ತಿರುಗಿದೆ ಎಂದು ತಿಳಿಸುವುದು) ಕನೆಕ್ಟರ್ ನೋಡಬೇಕು, ನೀರು ಹೊಕ್ಕಿರುತ್ತದೆ. ಅದನ್ನು ಸೀಟಿನ ಕೆಳಗೆ ಎತ್ತರಕ್ಕೆ ತಂದು ಸಿಲಿಕೋನ್ ಗ್ರೀಸ್ ತುಂಬಿದೆವು.

ನೆಲಕ್ಕೆ ಇಳಿಸುವ ಮುಂಚೆ ಹಿಂದಿನ ಗಾಲಿ ಎತ್ತಿ ನಿಲ್ಲಿಸಿ ಆಕ್ಸಿಲರೇಟರಿನ ಮೂರೂ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ನೆಗೆಟಿವ್ ವೈರ್ ಕಳಚಿದರೆ ಸಿಗ್ನಲ್ 5 ವೋಲ್ಟಿಗೆ ಏರಿ, ಪೂರ್ತಿ ಒತ್ತಿದಂತೆ ಗಾಡಿ ಓಡುತ್ತದೆ. ಒಳ್ಳೆಯ ಕಂಟ್ರೋಲರ್ 4.5 ವೋಲ್ಟಿನ ಮೇಲೆ ಕಂಡರೆ ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಆ ಕಂಟ್ರೋಲರನ್ನು ಅಂಗಡಿಗೇ ವಾಪಸ್ ಕೊಡಬೇಕು. ಬ್ರೇಕ್ ಸ್ವಿಚ್ ಮೋಟರಿನ ಕರೆಂಟ್ ಕಡಿಯುತ್ತದೆಯೇ ಎಂದೂ ಆಗಲೇ ನೋಡಿ. ಮೊದಲ 100 ಕಿ.ಮೀ. ಆದಮೇಲೆ ಸೆಲ್ಲಿನ ನಟ್ಟುಗಳು, ಆಕ್ಸಲ್ ಯು-ಬೋಲ್ಟ್, ರ್ಯಾಕ್ ಕ್ಲಾಂಪ್ ಮೂರನ್ನೂ ಮತ್ತೊಮ್ಮೆ ಬಿಗಿಮಾಡಿ ಬಣ್ಣದ ಗೆರೆ ಎಳೆದಿಟ್ಟರೆ, ಆಮೇಲೆ ಯಾವುದು ಸಡಿಲಾದರೂ ಕಣ್ಣಿಗೇ ಕಾಣುತ್ತದೆ.