ನಾಲ್ಕು ಹೂಕುಂಡ, ಒಂದು ಬಾಯಿ

ನಾನು ಮೃದಂಗ ಕಲಿತವನು. ಪಾಶ್ಚಾತ್ಯ ತಾಳವಾದ್ಯಕ್ಕೆ ಬಂದದ್ದು ತಡವಾಗಿ. ಮೊದಲು ಕಣ್ಣು ಬಿದ್ದದ್ದು ಗ್ರೀಕ್ ಮೂಲದ ಸಂಯೋಜಕ ಕ್ಸೆನಾಕಿಸ್‌ನ ‘ರೆಬೋಂ’ (Rebonds) ಮೇಲೆ. ಆದರೆ ಬಾಂಗೋ, ಟಾಮ್ ಟಾಮ್, ಬಾಸ್ ಡ್ರಮ್ ಎಲ್ಲ ಬಾಡಿಗೆ ಮನೆಗೆ ತಂದರೆ ಓನರ್ ಮಾರನೇ ದಿನವೇ ಅಡ್ವಾನ್ಸ್ ವಾಪಸ್ ಕೊಡುತ್ತಾರೆ. ಹಾಗಾಗಿ ಅಮೆರಿಕದ ಸಂಯೋಜಕ ಫ್ರೆಡರಿಕ್ ಜೆವ್ಸ್ಕಿಯ ‘ಟು ದಿ ಅರ್ತ್’ ಕೈಗೆತ್ತಿಕೊಂಡೆ.

1985ರ ಕೃತಿ ಇದು. ಬೇಕಾದದ್ದು ನಾಲ್ಕು ಹೂಕುಂಡ, ಒಬ್ಬ ವಾದಕ, ಅವನ ಬಾಯಿ. ಕುಂಡ ನುಡಿಸುತ್ತಲೇ ಭೂಮಿತಾಯಿಯನ್ನು ಹಾಡಿ ಹೊಗಳುವ ಹಳೆಯ ಗ್ರೀಕ್ ಸ್ತೋತ್ರವೊಂದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಸುಲಭವಾಗಿ ಹೊತ್ತುಕೊಂಡು ಹೋಗುವಂಥದ್ದು ಬೇಕು ಅಂತ ಕೇಳಿದವರು ತಾಳವಾದ್ಯಗಾರ ಯಾನ್ (Jan) ವಿಲಿಯಮ್ಸ್. ಕುಂಡವಾದರೆ ಹೊರುವುದೇ ಬೇಡ, ಹೋದ ಊರಲ್ಲೇ ಕೊಂಡರಾಯ್ತು ಅನ್ನುವುದು ಜೆವ್ಸ್ಕಿಯ ಲೆಕ್ಕ.

ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಆ ಲೆಕ್ಕಕ್ಕೆ ನನಗೆ ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಗಡಿಗೆ ಕೊಳ್ಳುವಾಗ ತಟ್ಟಿ ನೋಡುವುದು ಎಲ್ಲರಿಗೂ ಅಭ್ಯಾಸವೇ. ಆದರೆ ನಾನು ಮೂವತ್ತನೆಯದಕ್ಕೆ ಕೈ ಹಾಕಿದಾಗ ಅಂಗಡಿಯಾಕೆಗೆ ಸಾಕಾಯಿತು. “ಒಡೆದಿಲ್ಲ ಅಣ್ಣ, ಎಲ್ಲಾ ಗಟ್ಟಿ ಮಾಲೇ.”

“ಅದಕ್ಕಲ್ಲ ಅಕ್ಕ, ಶ್ರುತಿ ನೋಡ್ತಿದೀನಿ.”

ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಒಂದನ್ನು ಎಳೆದು ಕೊಟ್ಟರು. “ಇದು ನೋಡಿ, ಚೆನ್ನಾಗಿ ಬೆಂದಿದೆ.” ಗೆಣ್ಣಿನಿಂದ ತಟ್ಟಿದೆ. ಟಣ್ ಅಂತ ಶುರುವಾದ ನಾದ ನಿಧಾನಕ್ಕೆ ಕರಗಿತು. ನನ್ನ ನಾಲ್ಕರಲ್ಲಿ ಅದೇ ಈಗಲೂ ಒಳ್ಳೆಯದು.

ಮನೆಗೆ ತಂದು ಎರಡು ದಿನ ಬಿಸಿಲಿಗಿಟ್ಟೆ. ತೇವ ಹೀರಿದ ಮಣ್ಣು ಮಂಕಾಗಿ ನುಡಿಯುತ್ತದೆ. ಪ್ರತಿ ಕುಂಡದ ಕೆಳಗೂ ಮಡಿಸಿದ ಟವೆಲ್ ಬೇಕು. ಬರೀ ಮೇಜಿನ ಮೇಲಿಟ್ಟರೆ ನಾದ ಸತ್ತೇ ಹೋಗುತ್ತದೆ. ತುದಿಗೆ ಬಟ್ಟೆ ಟೇಪ್ ಸುತ್ತಿದ ತೆಳ್ಳನೆ ಬಿದಿರು ಕಡ್ಡಿ, ಏಟು ಅಂಚಿನಿಂದ ಎರಡು ಬೆರಳು ಕೆಳಗೆ. ಇಷ್ಟೇ.

ಕಷ್ಟ ಇದ್ದದ್ದು ಬಾಯಲ್ಲಿ. ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲ್ ಬರುತ್ತಲ್ಲ, ಬಾಯಿ ಕೈ ಒಟ್ಟಿಗೆ ಆಡಿಸೋದು ಏನು ಮಹಾ ಅಂದುಕೊಂಡಿದ್ದೆ. ಅದೇ ತೊಡಕಾಯಿತು. ‘ತ ಕ ಧಿ ಮಿ’ ಅನ್ನುವಾಗ ನಾಲ್ಕಕ್ಷರಕ್ಕೂ ಸಮ ತೂಕ. ನಮ್ಮ ಕನ್ನಡ ಮಾತೂ ಹೆಚ್ಚುಕಡಿಮೆ ಹಾಗೇ. ಇಂಗ್ಲಿಷಿನ ‘ಮದರ್’ನಲ್ಲಿ ಒತ್ತು ಮೊದಲಕ್ಷರಕ್ಕೆ, ಮಿಕ್ಕದ್ದು ಬಂದೂ ಬರದ ಹಾಗೆ. ರೆಕಾರ್ಡ್ ಮಾಡಿ ಕೇಳಿದರೆ ನಾನು ಮಗ್ಗಿ ಒಪ್ಪಿಸುತ್ತಿದ್ದೆ. ಕನ್ನಡಕ್ಕೆ ತಂದು ಹೇಳಿ ನೋಡಿದೆ, ಸಾಲುಗಳ ಉದ್ದ ಕೈಯ ಲೆಕ್ಕಕ್ಕೆ ಕೂಡಲಿಲ್ಲ, ಬಿಟ್ಟೆ.

ಕುಂಡ ಬದಿಗಿಟ್ಟು, ಹುರುಳಿಕಾಯಿ ಸೋಸುತ್ತಿದ್ದ ಅಮ್ಮನ ಮುಂದೆ ಸುಮ್ನೆ ಓದಿದೆ. ಇಂಗ್ಲಿಷ್ ಅವಳಿಗೆ ಬಾರದು, ಒಂದೊಂದು ಸಾಲಿಗೂ ಅರ್ಥ ಕೇಳಿದಳು. ಹೇಳಿದೆ. “ಭೂಮಿತಾಯಿಗೇ ಅಲ್ವಾ ಹೇಳ್ತಿರೋದು? ಮತ್ಯಾಕೆ ಹಂಗೆ ಗದರ್ತೀಯ?” ಅಂದಳು. ಆಮೇಲೆ ವಾರವಿಡೀ ಹಾಗೇ ಅಭ್ಯಾಸ: ಒಂದು ಸಾಲು ಅಮ್ಮನಿಗೆ ಹೇಳುವುದು, ಅದೇ ದನಿಯಲ್ಲಿ ಕುಂಡದ ಮುಂದೆ ಕೂತು ಹೇಳುವುದು. ದನಿ ಇಳಿದ ಮೇಲೆ ಕೈಯೂ ಇಳಿಯಿತು. ಮೃದಂಗದ ಕೈಗೆ ಅಷ್ಟು ಮೆಲ್ಲಗೆ ನುಡಿಸಿ ಅಭ್ಯಾಸವೇ ಇರಲಿಲ್ಲ.

ಕಛೇರಿ ದಿನ ಆಟೋ ಒಂದು ಹಂಪ್ ಹಾರಿತು. ಗ್ರೀನ್ ರೂಮಿನಲ್ಲಿ ತಟ್ಟಿ ನೋಡಿದರೆ ಸಣ್ಣ ಕುಂಡ ‘ಜರ್’ ಅಂತಿದೆ. ಕೂದಲೆಳೆಯ ಬಿರುಕು. ಹತ್ತಿರದ ನರ್ಸರಿಗೆ ಓಡಿದೆ. ಖಾಲಿ ಇದ್ದವಕ್ಕೆಲ್ಲ ಪೇಂಟ್ ಬಳಿದಿದ್ದರು, ಪೇಂಟ್ ಬಿದ್ದರೆ ನಾದ ಮುಚ್ಚಿಹೋಗುತ್ತದೆ. ಬಣ್ಣವಿಲ್ಲದ ಒಂದೇ ಒಂದರಲ್ಲಿ ಕ್ರೋಟನ್ ಗಿಡವಿತ್ತು. ಗಿಡ ಸಮೇತ ಕೊಂಡೆ. ಮಣ್ಣು ಸುರಿದು, ತೊಳೆಯದೆ ಒರೆಸಿ, ಇನ್ಯಾರದೋ ಹೇರ್ ಡ್ರೈಯರ್‌ನಲ್ಲಿ ಅರ್ಧ ಗಂಟೆ ಒಣಗಿಸಿದೆ. ಆದರೂ ಅದರ ಶ್ರುತಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಂದು ಕೂತಿತು. ಇಂಥದೇ ಸ್ವರ ಬೇಕು ಅಂತ ಇಲ್ಲಿಲ್ಲ, ಸದ್ಯ. ಶ್ರುತಿಯ ಕ್ರಮದಲ್ಲೇ ಹೊಸದಾಗಿ ಜೋಡಿಸಿಕೊಂಡೆ. ವೇದಿಕೆ ಮೇಲೆ ಎರಡು ಸಲ ಕೈ ಹಳೇ ಜಾಗಕ್ಕೇ ಹೋಯಿತು. ಮಾತು ಮಾತ್ರ ಎಲ್ಲೂ ತಪ್ಪಲಿಲ್ಲ.

ಆ ಕ್ರೋಟನ್ ಈಗ ಖಾಲಿ ಹಾಲಿನ ಪ್ಯಾಕೆಟ್ಟಿನಲ್ಲಿದೆ. ಅದರ ಕುಂಡ ವಾಪಸ್ ಕೊಡು ಅಂತ ಅಮ್ಮ ದಿನಾ ಕೇಳುತ್ತಾಳೆ. ಮುಂದಿನ ಕಛೇರಿ ಆಗಲಿ ಅಂತ ನಾನು ದೂಡುತ್ತಿದ್ದೇನೆ.